ಚಾರ್ಜಿಂಗ್ ಕಟ್ಟೆಗೂ ಒಬ್ಬ ನೀರುಗಂಟಿ ಬೇಕು

ಕಳೆದ ತಿಂಗಳ ಒಂದು ಭಾನುವಾರ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಬೆಂಗಳೂರಿನ ಪಶ್ಚಿಮ ಭಾಗದ ಸರ್ಕಾರಿ ಕಚೇರಿಯೊಂದರ ಆವರಣದಲ್ಲಿ ನನ್ನ ಪುಟ್ಟ ವಿದ್ಯುತ್ ಕಾರನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಅಲ್ಲಿ ಸಾರ್ವಜನಿಕರಿಗೆಂದು ಮೂರು ಚಾರ್ಜಿಂಗ್ ಸ್ಥಳಗಳಿವೆ. ಒಂದು ವೇಗದ್ದು, ಎರಡು ನಿಧಾನದವು. ಮೂರರಲ್ಲೂ ಕಾರುಗಳು ನಿಂತಿದ್ದವು. ಮೂರರ ಬಾಗಿಲ ಮೇಲೂ ಒಂದೇ ಕಂಪನಿಯ ಹೆಸರಿತ್ತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ನಾವೇ ಓಡಿಸಿಕೊಂಡು ಹೋಗಬಹುದಾದ ಹಂಚಿಕೆಯ ಕಾರುಗಳವು. ಎರಡರ ಬ್ಯಾಟರಿ ತುಂಬಿ ಎಷ್ಟೋ ಹೊತ್ತಾಗಿತ್ತು. ಹಸಿರು ದೀಪ ನಿಶ್ಚಿಂತೆಯಿಂದ ಉರಿಯುತ್ತಿತ್ತು. ಮೂರನೆಯದು ತುಂಬುವ ಹಂತದಲ್ಲಿತ್ತು. ಸುತ್ತ ಯಾರೂ ಇರಲಿಲ್ಲ. ಕೇಬಲ್ ಕಿತ್ತುಹಾಕೋಣವೆಂದರೆ ಅದು ಕಾರಿಗೆ ಬೀಗಬಿದ್ದಂತೆ ಅಂಟಿಕೊಂಡಿರುತ್ತದೆ. ಹಾಗೆ ಕೀಳುವ ಅಧಿಕಾರವಾದರೂ ನನಗೆಲ್ಲಿಯದು?

ನನ್ನ ಹಿಂದೆ ವಿದ್ಯುತ್ ಆಟೊ ಒಂದು ಬಂದು ನಿಂತಿತು. ಚಾಲಕ ಸಂಜೆಯಿಂದ ಅಲ್ಲಿಗೆ ಬರುತ್ತಿದ್ದುದು ಅದು ಮೂರನೆಯ ಸಲವಂತೆ. ಆತ ಇರುವ ವಠಾರದಲ್ಲಿ ಆಟೊಗೆ ಕರೆಂಟು ಎಳೆಯಲು ಮನೆಯ ಮಾಲೀಕರು ಒಪ್ಪುವುದಿಲ್ಲ. ಸೋಮವಾರ ನಸುಕಿನಲ್ಲಿ ಊರಿನಿಂದ ಮೆಜೆಸ್ಟಿಕ್‌ಗೆ ಬಂದಿಳಿಯುವವರ ಬಾಡಿಗೆಯೇ ಆತನಿಗೆ ವಾರದ ದೊಡ್ಡ ಆದಾಯ. ‘ನಿಮ್ಮ ಕಾರು ನಾಳೆಯಾದ್ರೂ ಹಾಕ್ಕೋಬಹುದು ಸಾರ್. ನಂದು ಹಾಗಲ್ಲ. ಇವತ್ತು ಇದಕ್ಕೆ ಕರೆಂಟು ಬಿದ್ರೆ ನಾಳೆ ಮನೇಲಿ ಒಲೆ ಹತ್ತುತ್ತೆ’ ಎಂದ. ದೂರಿನ ಧ್ವನಿಯೇನೂ ಇರಲಿಲ್ಲ. ಲೆಕ್ಕ ಹೇಳಿದಂತೆ ಹೇಳಿದ.

ಹತ್ತೂಮುಕ್ಕಾಲಿಗೆ ಸ್ಕೂಟರಿನಲ್ಲಿ ಒಬ್ಬ ಹುಡುಗ ಬಂದ. ಆ ಕಾರುಗಳನ್ನು ಚಾರ್ಜಿಗೆ ಹಾಕುವುದು, ತೆಗೆಯುವುದು, ಒರೆಸಿಡುವುದು ಅವನ ಕೆಲಸ. ಅಷ್ಟು ಹೊತ್ತು ಕೂಡಿಟ್ಟ ಕೋಪವನ್ನೆಲ್ಲ ನಾನು ಅವನ ಮೇಲೆ ಸುರಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ‘ಹದಿನೆಂಟು ಕಾರು, ಏಳು ಜಾಗ, ನಾನೊಬ್ಬನೇ ಸಾರ್. ಎಲ್ಲಿಂದ ಎಲ್ಲಿಗಂತ ಓಡಲಿ?’ ಎಂದ. ‘ನಿಮ್ಮ ಕಂಪನಿಗೆ ಸ್ವಂತ ಜಾಗ ಇಲ್ಲವೇನಪ್ಪಾ?’ ಎಂದು ಕೇಳಿದೆ. ಅವನ ಉತ್ತರ ಈ ಲೇಖನಕ್ಕೆ ಕಾರಣವಾಯಿತು: ‘ಜಾಗಕ್ಕೆ ಬಾಡಿಗೆ ಯಾರು ಕೊಡ್ತಾರೆ ಸಾರ್? ಇಲ್ಲಿ ಬಿಟ್ರೆ ಚಾರ್ಜೂ ಆಯ್ತು, ಪಾರ್ಕಿಂಗೂ ಆಯ್ತು.’

ಆ ಹುಡುಗ ಒಂದೇ ಮಾತಿನಲ್ಲಿ ಸಮಸ್ಯೆಯ ತಿರುಳನ್ನು ಬಿಡಿಸಿಟ್ಟಿದ್ದ. ಹಂಚಿಕೆಯ ಕಾರುಗಳ ವ್ಯವಹಾರದಲ್ಲಿ ದುಬಾರಿಯಾದ ಸಂಗತಿಗಳಲ್ಲಿ ನಿಲುಗಡೆಯ ಜಾಗವೂ ಒಂದು. ಬೆಂಗಳೂರಿನಂಥ ನಗರದ ನಡುವೆ ಇಪ್ಪತ್ತು ಕಾರು ನಿಲ್ಲುವಷ್ಟು ನೆಲಕ್ಕೆ ಬಾಡಿಗೆ ತೆತ್ತು, ಅಲ್ಲಿಗೆ ಹೆಚ್ಚಿನ ಸಾಮರ್ಥ್ಯದ ವಿದ್ಯುತ್ ಸಂಪರ್ಕ ಪಡೆದು, ಚಾರ್ಜರುಗಳನ್ನು ನೆಟ್ಟು, ಕಾವಲುಗಾರನನ್ನಿಟ್ಟು ವ್ಯಾಪಾರ ಮಾಡುವುದಕ್ಕಿಂತ ಸರ್ಕಾರ ಕಟ್ಟಿಸಿದ ಕಟ್ಟೆಯ ಮೇಲೆ ಕಾರು ಬಿಟ್ಟು ಹೋಗುವುದು ಅಗ್ಗ. ನಾನು ಹೋಗುವ ಕೇಂದ್ರದಲ್ಲಿ ಹಣ ಕೊಡಬೇಕಾದದ್ದು ಬಳಸಿದ ಯೂನಿಟ್ಟಿಗೆ ಮಾತ್ರ. ಆಕ್ರಮಿಸಿದ ಗಂಟೆಗಳಿಗೆ ಕಾಸಿಲ್ಲ. ಇಂಥ ಕಡೆ ವಿದ್ಯುತ್ತಿಗೆ ಬೆಲೆಯಿದೆ, ನೆಲಕ್ಕಿಲ್ಲ. ಬೀದಿ ನಲ್ಲಿಗೆ ಹೋಟೆಲಿನವರು ಪೈಪು ಸಿಕ್ಕಿಸಿದರೆ ಬಿಂದಿಗೆ ಹಿಡಿದು ನಿಂತ ಹೆಂಗಸರು ಸುಮ್ಮನಿರುವರೇ? ಚಾರ್ಜಿಂಗ್ ಕಟ್ಟೆಯಲ್ಲಿ ಮಾತ್ರ ನಾವು ಸುಮ್ಮನಿದ್ದೇವೆ.

ಈ ಕಟ್ಟೆಗಳು ಹೇಗೆ ಬಂದವೆಂಬುದನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ವಿದ್ಯುತ್ ಕಾರು ಬೆಂಗಳೂರಿಗೆ ಹೊಸತಲ್ಲ. ರೇವಾ ಎಂಬ ಪುಟಾಣಿ ಕಾರು 2001ರಲ್ಲಿ ಇಲ್ಲಿಂದಲೇ ಮಾರುಕಟ್ಟೆಗೆ ಬಂದು, ಮುಂದೆ ಲಂಡನ್ನಿನ ಬೀದಿಗಳಲ್ಲೂ ಓಡಿತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿ ಪ್ರಕಟಿಸಿದ ಮೊದಲ ರಾಜ್ಯವೆಂಬ ಹೆಗ್ಗಳಿಕೆಯೂ ಕರ್ನಾಟಕದ್ದೇ. ಚಾರ್ಜಿಂಗ್ ಕೇಂದ್ರಗಳ ಹೊಣೆ ಬೆಸ್ಕಾಂಗೆ ಬಂತು. ವಾಹನಕ್ಕೆ ವಿದ್ಯುತ್ ತುಂಬುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ, ಅದಕ್ಕೆ ಪರವಾನಗಿ ಬೇಡ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಾರ್ಗಸೂಚಿಗಳು ಹೊರಬಿದ್ದವು. ನಗರಗಳಲ್ಲಿ ಪ್ರತಿ 3 ಕಿ.ಮೀ. ಉದ್ದಗಲದ ಚೌಕಕ್ಕೆ ಕನಿಷ್ಠ ಒಂದು ಕೇಂದ್ರ, ಹೆದ್ದಾರಿಗಳ ಎರಡೂ ಬದಿಗಳಲ್ಲಿ 25 ಕಿ.ಮೀ.ಗೊಂದು ಎಂಬ ಗುರಿ ಅವುಗಳಿಂದಲೇ ಬಂದದ್ದು.

2022ರ ಜನವರಿಯ ಪರಿಷ್ಕೃತ ಮಾರ್ಗಸೂಚಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಕ್ಕಾಗಿ ಸರ್ಕಾರಿ ನೆಲವನ್ನು ಪ್ರತಿ ಯೂನಿಟ್ಟಿಗೆ 1 ರೂಪಾಯಿ ವರಮಾನ ಹಂಚಿಕೆಯ ಲೆಕ್ಕದಲ್ಲಿ ಕೊಡಬಹುದೆಂದವು. 2024ರಲ್ಲಿ ಜಾರಿಗೆ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸಾರ್ವಜನಿಕ ಚಾರ್ಜರುಗಳಿಗೆಂದೇ 2,000 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. ಆ ವರ್ಷದ ಹೊತ್ತಿಗೆ ಕರ್ನಾಟಕದಲ್ಲಿ 5,000ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದು, ದೇಶದಲ್ಲೇ ಮೊದಲ ಸ್ಥಾನ ನಮ್ಮದಾಗಿತ್ತು. ಅವುಗಳಲ್ಲಿ ಬಹುಪಾಲು ಬೆಂಗಳೂರಿನಲ್ಲಿಯೇ ಇವೆ.

ಅಂದರೆ ಈ ಸೌಕರ್ಯದ ಹಿಂದೆ ಜನರ ತೆರಿಗೆಯಿದೆ, ಜನರ ನೆಲವಿದೆ. ಒಂದು ಕಂಪನಿಗೆ ವಾಹನ ನಿಲ್ಲಿಸುವ ಅಂಗಳ ಒದಗಿಸಲೆಂದು ಅದನ್ನು ಕಟ್ಟಿದ್ದಲ್ಲ. 2018ರ ಮಾರ್ಗಸೂಚಿಗಳೇ ಸಾರ್ವಜನಿಕ ಕೇಂದ್ರಗಳನ್ನೂ ಕಂಪನಿಗಳು ತಮ್ಮ ವಾಹನ ಸಮೂಹಕ್ಕಾಗಿ ಕಟ್ಟಿಕೊಳ್ಳುವ ಸ್ವಂತ ಕೇಂದ್ರಗಳನ್ನೂ ಬೇರೆಬೇರೆಯಾಗಿ ಕಂಡಿವೆ. ಎಲ್ಲ ಬಗೆಯ ಚಾರ್ಜರುಗಳನ್ನೂ ಇಡಬೇಕೆಂಬ ಷರತ್ತಿನಿಂದ ಸ್ವಂತ ಕೇಂದ್ರಗಳಿಗೆ ವಿನಾಯಿತಿಯನ್ನೂ ಕೊಟ್ಟಿವೆ. ಕಂಪನಿಗಳು ತಮ್ಮ ಏರ್ಪಾಟನ್ನು ತಾವೇ ಮಾಡಿಕೊಳ್ಳಲೆಂಬುದು ಆ ವಿನಾಯಿತಿಯ ಆಶಯ. ಆಶಯವನ್ನು ಮೀರಿದವರಿಗೆ ಏನು ಮಾಡಬೇಕೆಂಬುದನ್ನು ಮಾತ್ರ ಅಲ್ಲಿ ಯಾರೂ ಬರೆದಿಲ್ಲ.

ಇದು ನಮ್ಮೊಬ್ಬರ ಪಾಡಲ್ಲ. 2017ರಲ್ಲಿ ನಾಗಪುರದಲ್ಲಿ ಓಲಾ ಸಂಸ್ಥೆ ವಿದ್ಯುತ್ ಟ್ಯಾಕ್ಸಿಗಳ ಪ್ರಯೋಗವನ್ನು ಸಡಗರದಿಂದ ಆರಂಭಿಸಿತು. ವರ್ಷ ತುಂಬುವ ಹೊತ್ತಿಗೆ ಚಾರ್ಜಿಂಗ್ ಕೇಂದ್ರಗಳ ಮುಂದಿನ ಸಾಲಿನಲ್ಲಿ ಗಂಟೆಗಟ್ಟಲೆ ಕಾದು ಬೇಸತ್ತ ಚಾಲಕರು ಕಾರುಗಳನ್ನು ಹಿಂದಿರುಗಿಸಲು ಮುಂದಾದ ಸುದ್ದಿಗಳು ಬಂದವು. ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ 2011ರ ನವೆಂಬರ್‌ನಲ್ಲಿ ಕಾರ್‌ಟುಗೊ ಕಂಪನಿ ಸುಮಾರು 300 ವಿದ್ಯುತ್ ಕಾರುಗಳ ಹಂಚಿಕೆ ಸೇವೆಯನ್ನು ಆರಂಭಿಸಿತ್ತು. ನಗರದಲ್ಲಿ ಏಳಲಿರುವ ಸಾರ್ವಜನಿಕ ಚಾರ್ಜರುಗಳನ್ನು ನಂಬಿ ಇಳಿದ ಸೇವೆ ಅದು. ನಿರೀಕ್ಷಿಸಿದಷ್ಟು ಚಾರ್ಜರುಗಳು ಏಳಲಿಲ್ಲ. ಅವುಗಳನ್ನು ನೆಡಬೇಕಿದ್ದ ಎಕೊಟಾಲಿಟಿ ಕಂಪನಿ 2013ರಲ್ಲಿ ದಿವಾಳಿಯೆದ್ದಿತು. ಕಡೆಗೆ 2016ರಲ್ಲಿ ಕಾರ್‌ಟುಗೊ ವಿದ್ಯುತ್ ಕಾರುಗಳನ್ನು ತೆಗೆದು ಪೆಟ್ರೋಲ್ ಕಾರುಗಳನ್ನು ತಂದಿತು. ಆ ವರ್ಷದ ಕೊನೆಗೆ ಸೇವೆಯೇ ನಿಂತುಹೋಯಿತು. ಊರಿನ ಕೆರೆಯನ್ನೇ ತನ್ನ ಬಾವಿಯೆಂದು ನಂಬಿದವನಿಗೂ ಕೊನೆಗೆ ಒಳಿತಾಗಲಿಲ್ಲ.

ಪ್ಯಾರಿಸ್ಸಿನದು ಇದಕ್ಕೆ ಎದುರಾದ ದಾರಿ. 2011ರ ಡಿಸೆಂಬರ್‌ನಲ್ಲಿ ಅಲ್ಲಿ ಆರಂಭವಾದ ಆಟೊಲಿಬ್ ಸೇವೆಗೆ ನಗರಾಡಳಿತವೇ ಬೆಂಬಲವಾಗಿ ನಿಂತು ಬೀದಿ ಬದಿಯಲ್ಲಿ ಪ್ರತ್ಯೇಕ ನಿಲ್ದಾಣಗಳನ್ನು ಒದಗಿಸಿತು. ಸುಮಾರು 4,000 ಕಾರುಗಳು, 1,100ರಷ್ಟು ನಿಲ್ದಾಣಗಳು. ಖಾಸಗಿ ಕಾರುಗಳಿಗೂ ಕೆಲವು ನಿಲ್ದಾಣಗಳಲ್ಲಿ ಅವಕಾಶವಿತ್ತು. ನಷ್ಟದ ಭಾರ ಯಾರು ಹೊರಬೇಕೆಂಬ ಜಗಳದಲ್ಲಿ 2018ರ ಜುಲೈ ಕೊನೆಗೆ ಸೇವೆ ಮುಚ್ಚಿತು. ಆದರೆ ಜಾಗ ನಗರದ್ದೇ ಆಗಿತ್ತು. ಆ ನೆಲೆಗಳನ್ನು ಬಳಸಿಕೊಂಡು ಬೆಲಿಬ್ ಎಂಬ ಸಾರ್ವಜನಿಕ ಚಾರ್ಜಿಂಗ್ ಜಾಲ ಬೆಳೆಯಿತು. ಆಮ್‌ಸ್ಟರ್‌ಡಾಮ್ ನಗರದಲ್ಲಿಯೂ 2011ರಿಂದ ಹಂಚಿಕೆಯ ವಿದ್ಯುತ್ ಕಾರುಗಳು ಬೀದಿಯ ಸಾಮಾನ್ಯ ಚಾರ್ಜರುಗಳನ್ನೇ ಬಳಸಿದವು. ಅಲ್ಲಿ ನಿವಾಸಿಗಳು ಬೇಡಿಕೆ ಸಲ್ಲಿಸಿದಂತೆ ಬೀದಿಗಳಲ್ಲಿ ಚಾರ್ಜರುಗಳು ಏಳುತ್ತವೆ. ಆ ಜಾಗ ಚಾರ್ಜ್ ಆಗುತ್ತಿರುವ ವಾಹನಕ್ಕೆ ಮಾತ್ರ ಎಂಬ ಫಲಕವೂ ಜೊತೆಗಿರುತ್ತದೆ.

ನಮ್ಮಲ್ಲಿ ಬ್ಲೂಸ್ಮಾರ್ಟ್ ಕಂಪನಿ ತನ್ನ ಟ್ಯಾಕ್ಸಿಗಳಿಗೆ ತನ್ನದೇ ದೊಡ್ಡ ಚಾರ್ಜಿಂಗ್ ಅಂಗಳಗಳನ್ನು ಕಟ್ಟಿಕೊಂಡಿತ್ತು. ಅದು ಸರಿಯಾದ ದಾರಿಯೆಂದೇ ನನ್ನ ಭಾವನೆ. ಆದರೆ 2025ರ ಏಪ್ರಿಲ್‌ನಲ್ಲಿ ಹಣಕಾಸಿನ ಹಗರಣದ ಸುಳಿಗೆ ಸಿಕ್ಕು ಅದರ ಸೇವೆ ನಿಂತಾಗ ಸಾವಿರಾರು ಕಾರುಗಳು ಮೂಲೆಗೆ ಬಿದ್ದವು, ಚಾಲಕರು ಬೀದಿಗೆ ಬಂದರು. ಸ್ವಂತ ಅಂಗಳ ಕಟ್ಟಿಕೊಂಡರೂ ಅದು ಊರಿಗೆ ಪೂರ್ತಿ ಬಾಗಿಲು ಹಾಕಿಕೊಂಡಿರಬಾರದು ಎಂಬುದು ಈ ಪ್ರಸಂಗದಿಂದ ನಾನು ಕಲಿತ ಪಾಠ.

ಈಗ ಸ್ವಲ್ಪ ಲೆಕ್ಕ. ಸಾಮಾನ್ಯ ಕಾರೊಂದರ ಬ್ಯಾಟರಿ 30 ಯೂನಿಟ್ಟಿನದೆಂದು ಇಟ್ಟುಕೊಳ್ಳೋಣ. ಅದನ್ನು ಶೇ 20ರಿಂದ ಶೇ 80ಕ್ಕೆ ಏರಿಸಲು 18 ಯೂನಿಟ್ ಬೇಕು. 25 ಕಿಲೊವಾಟ್‌ನ ಚಾರ್ಜರಿನಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಸಾಕು. ಹೋಗಿಬರುವ ಹೊತ್ತೂ ಸೇರಿ 50 ನಿಮಿಷ ಎನ್ನೋಣ. ಸಂಜೆ 5ರಿಂದ ರಾತ್ರಿ 11ರವರೆಗಿನ ಆರು ಗಂಟೆಗಳಲ್ಲಿ ಒಂದು ಚಾರ್ಜರ್ ಏಳು ಕಾರುಗಳಿಗೆ ಸಲ್ಲಬಹುದು. ಪ್ರತಿ ಕಾರೂ ಕೆಲಸ ಮುಗಿದ ಮೇಲೆ ಎರಡು ಗಂಟೆ ಅಲ್ಲೇ ನಿಂತರೆ? ಅದೇ ಆರು ಗಂಟೆಗಳಲ್ಲಿ ಎರಡು ಕಾರುಗಳಿಗೆ ಮಾತ್ರ. ಇಷ್ಟು ಸಾವಿರ ಕೇಂದ್ರಗಳಾದವು, ಇನ್ನಿಷ್ಟು ಬರಲಿವೆ ಎಂದು ಸರ್ಕಾರ ಹೇಳುವಾಗ ಎಣಿಸುತ್ತಿರುವುದು ಯಂತ್ರಗಳನ್ನು. ಸಾಲಿನಲ್ಲಿ ನಿಂತವನಿಗೆ ಬೇಕಾದದ್ದು ಗಂಟೆಗಳು. ಯಂತ್ರಗಳನ್ನು ಎರಡು ಪಟ್ಟು ಮಾಡಲು ಕೋಟಿಗಟ್ಟಲೆ ಹಣ ಬೇಕು. ಇರುವ ಯಂತ್ರದ ಗಂಟೆಗಳನ್ನು ಉಳಿಸಲು ಒಂದು ನಿಯಮ ಸಾಕು.

ನ್ಯಾಯವಾಗಿ ಕಂಪನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ನನ್ನ ಕಾರು ದಿನದ ಇಪ್ಪತ್ತೆರಡು ಗಂಟೆ ಸುಮ್ಮನೆ ನಿಂತಿರುತ್ತದೆ. ಹಂಚಿಕೆಯ ಕಾರು ಅಷ್ಟೇ ಹೊತ್ತಿನಲ್ಲಿ ನಾಲ್ಕು ಮನೆಗಳ ಕೆಲಸಕ್ಕೆ ಒದಗುತ್ತದೆ. ಅದು ಸಿಗುವುದರಿಂದ ಎಷ್ಟೋ ಜನ ಸ್ವಂತ ಕಾರು ಕೊಳ್ಳುವ ಯೋಚನೆಯನ್ನೇ ಕೈಬಿಟ್ಟಿರಬಹುದು. ಹಾಗಿರುವಾಗ ಒಂದು ಯೂನಿಟ್ ವಿದ್ಯುತ್ತು ನನ್ನ ಕಾರಿಗೆ ಬಿದ್ದರೆ ಊರಿಗೆ ಹೆಚ್ಚು ಪ್ರಯೋಜನವೋ, ಹಂಚಿಕೆಯ ಕಾರಿಗೆ ಬಿದ್ದರೋ? ನನ್ನ ಪರವಾಗಿ ವಾದಿಸುವುದು ಸುಲಭವಲ್ಲ. ಇನ್ನು ನಾನೇನು ಮಹಾ ಸಂಭಾವಿತನೂ ಅಲ್ಲ. ಹೋದ ವರ್ಷ ಇದೇ ಕೇಂದ್ರದಲ್ಲಿ ಕಾರನ್ನು ಸಿಕ್ಕಿಸಿ, ಹತ್ತಿರದಲ್ಲಿದ್ದ ಬಂಧುಗಳ ಗೃಹಪ್ರವೇಶದ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಎರಡು ಗಂಟೆ ತಡವಾಗಿ ಬಂದಿದ್ದೆ. ಯಾರು ಕಾದು ಹಿಂದಿರುಗಿದರೋ ನನಗೆ ತಿಳಿಯದು. ಆದ್ದರಿಂದ ಇದು ಒಳ್ಳೆಯವರು ಮತ್ತು ಕೆಟ್ಟವರ ನಡುವಿನ ಜಗಳವಲ್ಲ. ನಾನು ಒಮ್ಮೆ ಮಾಡಿದ ತಪ್ಪನ್ನು ಕಂಪನಿ ದಿನವೂ ಮಾಡುತ್ತದೆ, ಹದಿನೆಂಟು ಕಾರುಗಳಲ್ಲಿ ಮಾಡುತ್ತದೆ, ಅದು ಲಾಭವೆಂದು ಲೆಕ್ಕ ಹಾಕಿ ಮಾಡುತ್ತದೆ. ವ್ಯತ್ಯಾಸವಿರುವುದು ಇಲ್ಲಿ.

ಮತ್ತು ಈ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ಯಾರೆಂದು ನೋಡಬೇಕು. ಸ್ವಂತ ಮನೆ, ಸ್ವಂತ ಗ್ಯಾರೇಜು ಇದ್ದವರಿಗೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರ ಅಪರೂಪದ ಅಗತ್ಯ. ಅವರು ರಾತ್ರಿ ಮನೆಯಲ್ಲೇ ಸಿಕ್ಕಿಸಿ ಮಲಗುತ್ತಾರೆ. ಹಳೆಯ ಅಪಾರ್ಟ್‌ಮೆಂಟಿನಲ್ಲಿ, ಸಂಘದ ಒಪ್ಪಿಗೆಗಾಗಿ ಸಭೆಯಿಂದ ಸಭೆಗೆ ಕಾಯುವ ನನ್ನಂಥವರಿಗೆ ಅದು ವಾರಕ್ಕೊಮ್ಮೆಯ ತಾಪತ್ರಯ. ವಠಾರದಲ್ಲಿ, ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದು ಸಾಲ ಮಾಡಿ ವಿದ್ಯುತ್ ಆಟೊ ಕೊಂಡವನಿಗೆ ಅದೊಂದೇ ದಾರಿ. ಹೊಗೆಯುಗುಳದ ವಾಹನ ಕೊಳ್ಳಿರಿ, ಇಂಧನದ ಖರ್ಚು ಉಳಿಯುತ್ತದೆ ಎಂದು ಅವನಿಗೆ ಹೇಳಿದವರು ನಾವೇ. ಅವನು ನಂಬಿ ಬಂದಾಗ ಕಟ್ಟೆಯ ಮೇಲೆ ಬೇರೆಯವರ ಕಾರು ಮಲಗಿದ್ದರೆ ಅವನ ಕಂತು ಯಾರು ಕಟ್ಟಬೇಕು?

ನನ್ನೂರು ಕೋಲಾರ ಸೀಮೆಯ ಒಂದು ಕೆರೆಯ ಕೆಳಗಿನ ಹಳ್ಳಿ. ಅಲ್ಲಿ ನೀರುಗಂಟಿ ಎಂಬುವನೊಬ್ಬನಿದ್ದ. ತೂಬು ಎತ್ತುವುದು, ಇಳಿಸುವುದು ಅವನೊಬ್ಬನ ಕೆಲಸ. ಯಾರ ಗದ್ದೆಗೆ ಎಷ್ಟು ಹೊತ್ತು, ಯಾರ ಸರದಿ ಯಾವಾಗ ಎಂಬುದು ಅವನ ಬೆರಳ ತುದಿಯಲ್ಲಿರುತ್ತಿತ್ತು. ಊರಿನ ದೊಡ್ಡ ಹಿಡುವಳಿದಾರನೂ ತಾನಾಗಿ ಕಾಲುವೆಗೆ ಗುದ್ದಲಿ ಹಾಕುವಂತಿರಲಿಲ್ಲ. ನೀರು ಕಡಿಮೆಯಾದ ವರ್ಷ ಅವನ ಕಣ್ಣು ಮೊದಲು ಹೋಗುತ್ತಿದ್ದುದು ಕಡೆಯ ಗದ್ದೆಯ ಕಡೆಗೆ. ಮೇಲಿನವರು ತಮ್ಮ ಪಾಲು ತಾವು ಪಡೆದೇ ಪಡೆಯುತ್ತಾರೆಂದು ಅವನಿಗೆ ಗೊತ್ತಿತ್ತು. ಅವನಿಗೆ ಕೊಡಬೇಕಾದ ಗೌರವವನ್ನು ಊರು ಕೊಡಲಿಲ್ಲವೆಂಬುದು ಬೇರೆ ಮಾತು. ಆದರೆ ಕೆರೆ ಕಟ್ಟಿದರಷ್ಟೇ ಸಾಲದು, ನೀರು ಹಂಚುವವನೂ ಬೇಕು ಎಂಬ ತಿಳಿವಳಿಕೆ ಆ ಹಳ್ಳಿಗಳಿಗಿತ್ತು. ನಾವು ಈ ನಗರದಲ್ಲಿ ಸಾವಿರಾರು ತೂಬುಗಳನ್ನು ಇಟ್ಟಿದ್ದೇವೆ. ನೀರುಗಂಟಿಯನ್ನು ಮಾತ್ರ ನೇಮಿಸಿಲ್ಲ.

ಏನು ಮಾಡಬಹುದು? ಮೊದಲನೆಯದಾಗಿ, ಚಾರ್ಜ್ ಮುಗಿದ ಮೇಲೆ ಹತ್ತು ಹದಿನೈದು ನಿಮಿಷಗಳ ವಿನಾಯಿತಿ ಕೊಟ್ಟು, ಅನಂತರದ ಪ್ರತಿ ನಿಮಿಷಕ್ಕೂ ಶುಲ್ಕ ವಿಧಿಸಬೇಕು. ಇದೇನೂ ಅಸಾಧ್ಯದ ಮಾತಲ್ಲ. ಅಮೆರಿಕದ ಟೆಸ್ಲಾ ಕಂಪನಿ ತನ್ನ ವೇಗದ ಚಾರ್ಜರುಗಳಲ್ಲಿ 2016ರ ಡಿಸೆಂಬರ್‌ನಿಂದಲೇ ಇದನ್ನು ಜಾರಿಗೆ ತಂದಿದೆ. ಚಾರ್ಜಿಂಗ್ ಆರಂಭಿಸಲು ಮೊಬೈಲಿನ ಆ್ಯಪ್ ಬಳಸುವ ಕಡೆ, ಮುಗಿದದ್ದನ್ನು ತಿಳಿಸಿ ಹಣ ಮುರಿದುಕೊಳ್ಳುವುದು ಕಷ್ಟವಲ್ಲ. ಈ ಶುಲ್ಕ ನನ್ನಂಥವನಿಗೂ ಅನ್ವಯಿಸಬೇಕು. ರಾತ್ರಿ ನಿಧಾನದ ಚಾರ್ಜರಿನಲ್ಲಿ ವಾಹನ ಬಿಟ್ಟು ಮಲಗುವ ಆಟೊ ಚಾಲಕರಿಗೆ ಮಾತ್ರ ನಸುಕಿನವರೆಗೆ ರಿಯಾಯಿತಿ ಇರಲಿ.

ಎರಡನೆಯದಾಗಿ, ಇಂತಿಷ್ಟು ಸಂಖ್ಯೆಗಿಂತ ಹೆಚ್ಚು ವಿದ್ಯುತ್ ವಾಹನಗಳನ್ನು ಬಾಡಿಗೆಗೆ ಬಿಡುವ ಕಂಪನಿಗಳು ವಾಹನಗಳಿಗೆ ತಕ್ಕ ಪ್ರಮಾಣದಲ್ಲಿ ಸ್ವಂತ ಚಾರ್ಜರುಗಳನ್ನು ತೋರಿಸಿದ ಮೇಲೆಯೇ ಪರವಾನಗಿ ಪಡೆಯುವಂತಾಗಬೇಕು. ಆ ಸ್ವಂತ ಅಂಗಳಗಳು ಬಿಡುವಿರುವ ಹೊತ್ತಿನಲ್ಲಿ ಹಣ ಕೊಡುವ ಸಾರ್ವಜನಿಕರಿಗೂ ತೆರೆದಿರಲಿ. ಅದಕ್ಕೆ ಪ್ರತಿಯಾಗಿ ನೆಲದ ತೆರಿಗೆಯಲ್ಲಿ ಸೋಡಿ ಕೊಟ್ಟರೂ ತಪ್ಪಿಲ್ಲ.

ಮೂರನೆಯದಾಗಿ, ಸರದಿಯನ್ನು ಗಂಟೆಗಳಾಗಿ ಹಂಚಬೇಕು. ಬೆಳಿಗ್ಗೆ 9ರಿಂದ ಸಂಜೆ 4ರವರೆಗಿನ ಸೌರ ಗಂಟೆಗಳಲ್ಲಿ ಚಾರ್ಜಿಂಗ್ ಅಗ್ಗವಾಗಿರಲಿ ಎಂದು ಕೇಂದ್ರದ ಮಾರ್ಗಸೂಚಿಗಳು 2023ರಿಂದಲೇ ಹೇಳುತ್ತಿವೆ. ಕಂಪನಿಗಳ ಕಾರುಗಳು ಆ ಹೊತ್ತಿನಲ್ಲಿ ಬರಲಿ. ಸಂಜೆಯಿಂದ ನಡುರಾತ್ರಿಯವರೆಗೆ ಒಂದು ಕೇಂದ್ರದಲ್ಲಿ ಒಂದು ಕಂಪನಿಯ ಒಂದೇ ವಾಹನಕ್ಕೆ ಅವಕಾಶವೆಂದು ಮಿತಿ ಹಾಕಲಿ. ನಾಲ್ಕನೆಯದಾಗಿ, ನಿಧಾನದ ಚಾರ್ಜರಿರುವ ಜಾಗಗಳಲ್ಲಿ ಕೆಲವನ್ನು ಕಾರು ನುಗ್ಗಲಾಗದಷ್ಟು ಕಿರಿದಾಗಿ ಮಾಡಿ ಆಟೊ ಮತ್ತು ದ್ವಿಚಕ್ರ ವಾಹನಗಳಿಗೆ ಮೀಸಲಿಡಬೇಕು. ನಾಲ್ಕು ಕಂಬ, ಒಂದಿಷ್ಟು ಸಿಮೆಂಟು ಸಾಕಾಗುವ ಕೆಲಸವಿದು.

ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ. ಬೇಕಾದದ್ದು ಹೊಣೆ ಹೊರುವ ಒಂದು ಕಚೇರಿ. ಚಾರ್ಜರ್ ಬೆಸ್ಕಾಂನದು, ಆವರಣ ಬೇರೊಂದು ಇಲಾಖೆಯದು, ರಸ್ತೆ ಪಾಲಿಕೆಯದು, ಬಾಡಿಗೆ ಕಾರಿನ ಪರವಾನಗಿ ಸಾರಿಗೆ ಇಲಾಖೆಯದು. ನಾನು ದೂರು ಕೊಡಲು ಹೋದಾಗ ಎಲ್ಲರೂ ಸೌಜನ್ಯದಿಂದಲೇ ಪಕ್ಕದ ಬಾಗಿಲು ತೋರಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳ ನಗರವಾಯಿತು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಬಾಗಿಲುಗಳು ಇನ್ನೂ ಹೆಚ್ಚಿವೆ. ಹಲವು ಸಂಸ್ಥೆಗಳನ್ನು ಒಂದೆಡೆ ಕೂರಿಸಲೆಂದೇ ಬಂದ ಪ್ರಾಧಿಕಾರ ಈ ಸಣ್ಣ ಕೆಲಸದಿಂದಲೇ ತನ್ನ ಉಪಯೋಗವನ್ನು ತೋರಿಸಬಾರದೇಕೆ?

ಆ ರಾತ್ರಿ ಹುಡುಗ ಎರಡು ಕಾರುಗಳನ್ನು ತೆಗೆದ. ವೇಗದ ಚಾರ್ಜರ್ ನನ್ನ ಪಾಲಿಗೆ ಬಂತು, ನಿಧಾನದ್ದು ಆಟೊದವನಿಗೆ. ಮುಕ್ಕಾಲು ಗಂಟೆಯಲ್ಲಿ ನನ್ನ ಕೆಲಸ ಮುಗಿಯಿತು. ಅವನದು ಮುಗಿಯಲು ನಸುಕಾಗಬೇಕಿತ್ತು. ಹಿಂದಿನ ಸೀಟಿನಲ್ಲಿ ಟವೆಲ್ಲು ಹಾಸಿ, ಕಾಲು ಹೊರಗೆ ಚಾಚಿ ಮಲಗಲು ಅಣಿಯಾಗುತ್ತಿದ್ದ. ಸಂಜೆ ಆರಕ್ಕೇ ಜಾಗ ಸಿಕ್ಕಿದ್ದರೆ ರಾತ್ರಿ ಹನ್ನೆರಡರ ಹೊತ್ತಿಗೆ ಮನೆ ಸೇರಿರುತ್ತಿದ್ದೆ ಎಂದ. ಮನೆ ಎರಡೇ ಬೀದಿ ಆಚೆ ಇತ್ತು. ಬಿಟ್ಟು ಹೋದರೆ ಗಾಡಿಗೆ ಕಾವಲಿಲ್ಲ. ನಾನು ಹೊರಡುವಾಗ ಮೂರನೆಯ ಕಾರಿನ ಹಸಿರು ದೀಪವೂ ಹೊತ್ತಿಕೊಂಡಿತ್ತು. ಅದನ್ನು ತೆಗೆಯಲು ಯಾರೂ ಬಂದಿರಲಿಲ್ಲ. ಗೇಟಿನ ಬಳಿ ಇನ್ನೊಂದು ಆಟೊ ಒಳಗೆ ಇಣುಕಿ, ಜಾಗವಿಲ್ಲವೆಂದು ಕಂಡು, ಹಾಗೆಯೇ ತಿರುಗಿ ಹೋಯಿತು.